ಕಲ್ಲಿದ್ದಲು ವಿದ್ಯುತ್ತಿಗೆ ಸರ್ಕಾರದ ನೆರವು ಎಷ್ಟು? ಯೂನಿಟ್ ಲೆಕ್ಕದಲ್ಲಿ ಅಳೆಯುವ ಕ್ರಮ

ಈ ನೆರವು ಬಜೆಟ್ಟಿನಲ್ಲಿ ‘ಸಬ್ಸಿಡಿ’ ಎಂಬ ಹೆಸರಿನಲ್ಲಿ ಸಿಗುವುದು ಅಪರೂಪ. ತೆರಿಗೆ ಇಳಿಕೆ, ಸಾಲ ಪರಿಹಾರ, ಸ್ಥಾವರ ಸಜ್ಜಾಗಿ ನಿಂತಿದ್ದಕ್ಕೇ ಕೊಡುವ ಹಣ, ಹೀಗೆ ಬೇರೆ ಹೆಸರುಗಳಲ್ಲಿ ಹುಡುಕಬೇಕು.

ಮೊದಲು ಮನೆಯ ಬಿಲ್ ಹಿಡಿಯಿರಿ. ಪುಣೆಯಲ್ಲಿ ವಿದ್ಯುತ್ ಹಂಚುವ ಸರ್ಕಾರಿ ಕಂಪನಿ ಮಹಾವಿತರಣದ ಬಿಲ್ಲಿನಲ್ಲಿ ಮರಾಠಿಯ ‘ಇಂಧನ ಸಮಾಯೋಜನ ಆಕಾರ’ (ಇಂಧನ ಹೊಂದಾಣಿಕೆ ಶುಲ್ಕ) ಎಂಬ ಸಾಲಿದೆ. ಇಂಧನ ಬೆಲೆಯ ಏರಿಳಿತ ಕಾಣುವುದು ಅಲ್ಲಿ. ಮನೆ ಬಳಕೆಯ ಮೇಲಿನ 16% ‘ವೀಜ ಶುಲ್ಕ’ (ವಿದ್ಯುತ್ ಶುಲ್ಕ) ರಾಜ್ಯದ ತೆರಿಗೆ. ಅದನ್ನು ಇಂಧನದ ಸಾಲಿನೊಂದಿಗೆ ಬೆರೆಸಬೇಡಿ.

ಮುಂದೆ ತೆರಿಗೆ. 2025ರ ಸೆಪ್ಟೆಂಬರ್ 22ರಿಂದ ಕಲ್ಲಿದ್ದಲಿನ ಮೇಲಿದ್ದ ಟನ್ನಿಗೆ 400 ರೂಪಾಯಿ ಸೆಸ್ ಹೋಯಿತು, ಜಿಎಸ್‌ಟಿ 5ರಿಂದ 18%ಕ್ಕೆ ಏರಿತು. ವಿದ್ಯುತ್ತು ಜಿಎಸ್‌ಟಿಯ ಹೊರಗಿರುವುದರಿಂದ ಸ್ಥಾವರಕ್ಕೆ ಈ ತೆರಿಗೆ ವಾಪಸಾಗದು, ದರದಲ್ಲೇ ಸೇರುತ್ತದೆ. ಟನ್ನಿಗೆ 1,500 ರೂಪಾಯಿಯ ಕಲ್ಲಿದ್ದಲು ಎಂದುಕೊಳ್ಳಿ: ಹಿಂದೆ 75 + 400 = 475, ಈಗ 270. ಉಳಿತಾಯ 205. ಯೂನಿಟ್ಟಿಗೆ 0.7 ಕೆಜಿ ಸುಟ್ಟರೆ ಸುಮಾರು 14 ಪೈಸೆ. ಆದರೆ 6,000 ರೂಪಾಯಿಯ ಕಲ್ಲಿದ್ದಲಿಗೆ 700 ಇದ್ದದ್ದು 1,080 ಆಗುತ್ತದೆ. ಹಳೆಯ, ಹೊಸ ತೆರಿಗೆ ಸಮವಾಗುವ ತಿರುವಿನ ಬೆಲೆ ಟನ್ನಿಗೆ ಸುಮಾರು 3,077 ರೂಪಾಯಿ. ಅಗ್ಗದ ದೇಶೀ ಕಲ್ಲಿದ್ದಲಿಗೆ ರಿಯಾಯಿತಿ, ದುಬಾರಿ ಆಮದಿಗೆ ಹೊರೆ. ಅದಕ್ಕೇ ದೇಶೀ ಕಲ್ಲಿದ್ದಲಿನ ಚಂದ್ರಾಪುರ ಸ್ಥಾವರದ ಲೆಕ್ಕವನ್ನು ಆಮದು ಕಲ್ಲಿದ್ದಲು ಸುಡುವ ಮುಂಬೈನ ಟ್ರಾಂಬೆ ಸ್ಥಾವರಕ್ಕೆ ಹಚ್ಚಬಾರದು. ಗೋವಾದವರು ತಮಗೆ ವಿದ್ಯುತ್ ಕೊಡುವ, ಛತ್ತೀಸ್‌ಗಢದ ಕೋರ್ಬಾದಂಥ ಎನ್‌ಟಿಪಿಸಿ (ಕೇಂದ್ರ ಸರ್ಕಾರದ ಕಂಪನಿ) ಸ್ಥಾವರಗಳ ಲೆಕ್ಕ ನೋಡಬೇಕು. ಮುರಗಾಂವ್ ಬಂದರಿನಿಂದ ಘಟ್ಟ ಹತ್ತಿ ನಮ್ಮ ಬಳ್ಳಾರಿ ಕಡೆ ಹೋಗುವ ಕಲ್ಲಿದ್ದಲು ಬಹುಪಾಲು ಉಕ್ಕಿಗೆ, ಅದನ್ನು ವಿದ್ಯುತ್ತಿನ ಲೆಕ್ಕಕ್ಕೆ ಸೇರಿಸಬೇಡಿ.

ಬೇರೆ ದೇಶಗಳನ್ನು ಹೋಲಿಸುವಾಗ ‘ಯಾರು ಕೊಡುತ್ತಾರೆ’, ‘ಯಾವುದಕ್ಕೆ’ ಎಂಬ ಎರಡು ಕಾಲಂ ಕಡ್ಡಾಯ. ಚೀನಾ 2024ರಿಂದ ಸ್ಥಾವರದ ಸಾಮರ್ಥ್ಯಕ್ಕೇ, ಅಂದರೆ ಸಜ್ಜಾಗಿ ನಿಂತಿದ್ದಕ್ಕೇ, ಹಣ ಕೊಡಿಸುತ್ತಿದೆ: ಕಿಲೋವ್ಯಾಟಿಗೆ ವರ್ಷಕ್ಕೆ 330 ಯುವಾನ್ ಸ್ಥಿರ ವೆಚ್ಚವೆಂದು ಹಿಡಿದು, ಹೆಚ್ಚಿನ ಪ್ರಾಂತ್ಯಗಳಲ್ಲಿ ಆರಂಭಕ್ಕೆ ಅದರ 30%, ಅಂದರೆ 99 ಯುವಾನ್. ವರ್ಷಕ್ಕೆ 4,500 ಗಂಟೆ ಓಡುವ ಸ್ಥಾವರಕ್ಕೆ ಇದು ಯೂನಿಟ್ಟಿಗೆ 0.022 ಯುವಾನ್. ಇದನ್ನು ತೆರುವವರು ಕೈಗಾರಿಕೆ ಮತ್ತು ವಾಣಿಜ್ಯ ಬಳಕೆದಾರರು, ಖಜಾನೆಯಲ್ಲ. ದಕ್ಷಿಣ ಆಫ್ರಿಕಾ 2023ರಲ್ಲಿ ತನ್ನ ಸರ್ಕಾರಿ ವಿದ್ಯುತ್ ಕಂಪನಿ ಎಸ್ಕಾಮ್‌ಗೆ ಘೋಷಿಸಿದ 254 ಶತಕೋಟಿ ರ್‍ಯಾಂಡ್ ಸಾಲ ಪರಿಹಾರವನ್ನು ಪೂರ್ತಿ ಕಲ್ಲಿದ್ದಲಿನ ತಲೆಗೆ ಕಟ್ಟುವುದು ತಪ್ಪು. ಆ ಕಂಪನಿಗೆ ಪರಮಾಣು ಸ್ಥಾವರವೂ ತಂತಿ ಜಾಲವೂ ಇವೆ, ಅವುಗಳ ಪಾಲನ್ನು ಲೆಕ್ಕಹಾಕಿ ಹೊರತೆಗೆಯಿರಿ. ಜರ್ಮನಿ ಆರ್‌ಡಬ್ಲ್ಯೂಇ ಮತ್ತು ಲೀಗ್ ಕಂಪನಿಗಳಿಗೆ ಒಪ್ಪಿದ 4.35 ಶತಕೋಟಿ ಯೂರೋ ಸ್ಥಾವರ ಮುಚ್ಚುವುದಕ್ಕೆ. ನಡೆಸಲು ಕೊಡುವ ಹಣದ ಜೊತೆ ಅದನ್ನು ಕೂಡಿದರೆ ಇಡೀ ಪಟ್ಟಿ ಕೆಡುತ್ತದೆ.

ಕೊನೆಗೆ ಎರಡು ತಿದ್ದುಪಡಿ. ಭಾರತದ 2015ರ ಡಿಸೆಂಬರಿನ ಗಂಧಕ ಮಾಲಿನ್ಯ ನಿಯಮದ ಗಡುವು ಪದೇ ಪದೇ ಮುಂದಕ್ಕೆ ಹೋಗಿ, 2025ರ ಜುಲೈನಲ್ಲಿ ಹೆಚ್ಚಿನ ಸ್ಥಾವರಗಳಿಗೆ ವಿನಾಯಿತಿಯೇ ಸಿಕ್ಕಿತು. ಹೊಗೆಯಿಂದ ಗಂಧಕ ತೆಗೆಯುವ ಯಂತ್ರ ಹಾಕದೆ ಸ್ಥಾವರಕ್ಕೆ ಉಳಿತಾಯವಾದ ಖರ್ಚನ್ನು ನೆರವೆಂದೇ ಬರೆಯಿರಿ. ಅದರ ಬೆಲೆ ತೆರುವುದು ಸುತ್ತಲಿನ ಊರವರ ಶ್ವಾಸಕೋಶ. ಇನ್ನೊಂದು ರೈಲು: ಸರಕು, ಅದರಲ್ಲೂ ಕಲ್ಲಿದ್ದಲು ಸಾಗಣೆಯ ಲಾಭದಿಂದ ರೈಲ್ವೆ ಪ್ರಯಾಣಿಕರ ಟಿಕೆಟ್ ನಷ್ಟವನ್ನು ತುಂಬಿಕೊಳ್ಳುತ್ತದೆ. ಸಾಗಣೆಯ ನಿಜ ವೆಚ್ಚಕ್ಕಿಂತ ಹೆಚ್ಚಾಗಿ ಸ್ಥಾವರ ತೆತ್ತ ಆ ಮೊತ್ತವನ್ನು ಒಟ್ಟು ನೆರವಿನಿಂದ ಕಳೆಯಿರಿ.