ಹೊರಗಿಣ್ಣು ಮುರಿದಾಗ ಗ್ರಾವಿಟಿ ಸ್ಟ್ರೆಸ್ ಎಕ್ಸ್-ರೇ ತೆಗೆಯುವುದು ಹೀಗೆ

ಮಳೆ ಹಿಡಿದರೆ ಸಾಕು, ನಮ್ಮ ಮಲೆನಾಡಿನ ಕಡೆ ಎಕ್ಸ್-ರೇ ರೂಮಿಗೆ ಕಾಲು ಹೊರಳಿಸಿಕೊಂಡವರು ಜಾಸ್ತಿ ಬರುತ್ತಾರೆ. ಅಂಗಳದ ಪಾಚಿ, ತೋಟದ ಜಾರು ಸಂಕ. ಎಷ್ಟೋ ಜನರಿಗೆ ಮುರಿದಿರುವುದು ಪಾದದ ಕೀಲಿನ ಹೊರಗಿಣ್ಣು ಮಾತ್ರ, ಅಂದರೆ ಮೊಣಕಾಲಿನ ಕೆಳಗೆ ಹೊರಬದಿಯಲ್ಲಿರುವ ಸಪೂರ ಮೂಳೆ ಫಿಬುಲಾದ ಕೆಳತುದಿ. ಮಾಮೂಲಿ ಫಿಲ್ಮಿನಲ್ಲಿ ಕೀಲು ಸರಿಯಾಗಿಯೇ ಕೂತಿರುತ್ತದೆ. ಆದರೆ ಒಳಗಿಣ್ಣಿನ ಕಡೆ ಮೂಳೆಗಳನ್ನು ಹಿಡಿದಿಡುವ ಪಟ್ಟಿ, ಡೆಲ್ಟಾಯ್ಡ್ ಲಿಗಮೆಂಟ್, ಹರಿದಿದೆಯೋ ಇಲ್ಲವೋ ಅದರಲ್ಲಿ ಕಾಣುವುದಿಲ್ಲ. ಒಳಗಡೆ ಒತ್ತಿದರೆ ನೋವು ಎಂದ ಮಾತ್ರಕ್ಕೆ ಹರಿದಿದೆ ಎನ್ನುವಂತೆಯೂ ಇಲ್ಲ. ಹಾಗಾಗಿ ಡಾಕ್ಟರು ಸ್ಟ್ರೆಸ್ ವ್ಯೂ ಬರೆಯುತ್ತಾರೆ, ಅಂದರೆ ಕೀಲಿನ ಮೇಲೆ ಒತ್ತಡ ಬೀಳುವಂತೆ ಮಾಡಿ ತೆಗೆಯುವ ಎಕ್ಸ್-ರೇ.

ಎರಡೂ ಗಿಣ್ಣು ಮುರಿದಿದ್ದರೆ, ಕೀಲು ಆಗಲೇ ಜರುಗಿದ್ದರೆ ಇದು ಬೇಡ. ಉತ್ತರ ಸಿಕ್ಕಾಗಿದೆ, ಸುಮ್ನೆ ನೋಯಿಸಬಾರದು.

ಸೀಸದ ಗ್ಲೌಸ್ ಹಾಕಿ ಕೈಯಿಂದ ಪಾದ ತಿರುಗಿಸುವ ಪದ್ಧತಿಯೂ ಇದೆ. ನನಗೆ ಪಾದದ ಭಾರವೇ ಆ ಒತ್ತಡ ಕೊಡುವ ಗ್ರಾವಿಟಿ ವ್ಯೂ ಮೇಲೆಯೇ ಒಲವು. ನೋವು ಕಡಿಮೆ, ಯಾರ ಕೈಯೂ ಕಿರಣಕ್ಕೆ ಸಿಗುವುದಿಲ್ಲ.

ಪೇಷಂಟನ್ನು ಪೆಟ್ಟಾದ ಮಗ್ಗುಲಿಗೇ ಮಲಗಿಸಿ. ಮೊಣಕಾಲಿನಿಂದ ಪಾದದವರೆಗಿನ ಭಾಗದ ಕೆಳಗಿನ ಅರ್ಧ ಟೇಬಲ್ಲಿನ ಅಂಚಿನಿಂದ ಹೊರಗಿರಲಿ, ಮೀನಖಂಡದ ಕೆಳಗೆ ದಿಂಬು ಕೊಡಿ. ಪಾದಕ್ಕೆ ಮಾತ್ರ ಆಸರೆ ಬೇಡ, ತನ್ನ ಭಾರಕ್ಕೆ ತಾನೇ ಜೋತು ಬೀಳಬೇಕು. ಇಡೀ ಕಾಲನ್ನು ಸುಮಾರು 15 ಡಿಗ್ರಿ ಒಳಕ್ಕೆ ತಿರುಗಿಸಿ, ಅಂದರೆ ಮಂಡಿಚಿಪ್ಪು ತುಸು ಮೇಲಕ್ಕೆ ನೋಡುವಂತೆ. ಫಿಲ್ಮ್ ಇರುವ ಕ್ಯಾಸೆಟ್ ಹಿಮ್ಮಡಿಯ ಹಿಂದೆ ನೆಟ್ಟಗೆ ನಿಲ್ಲಲಿ. ಟ್ಯೂಬಿನಿಂದ ಕಿರಣ ಅಡ್ಡಲಾಗಿ, ಮುಂದಿನಿಂದ ಬರಲಿ.

ಎಕ್ಸ್‌ಪೋಷರ್ ಕೊಡುವ ಮುಂಚೆ ಪಾದವನ್ನೊಮ್ಮೆ ನೋಡಿ. ನೋವಿಗೆ ಹೆದರಿ ಬೆರಳು ಕೆಳಕ್ಕೆ ಚಾಚಿರುತ್ತಾರೆ. ಎರಡು ಗಿಣ್ಣುಗಳ ನಡುವೆ ಕೂರುವ ಪಾದದ ಮೂಳೆ ಟೇಲಸ್ ಹಿಂಭಾಗದಲ್ಲಿ ಸಪೂರ. ಪಾದ ಚಾಚಿದಾಗ ಆ ಸಪೂರ ಭಾಗ ಕೀಲಿನೊಳಗೆ ಬಂದು, ಒಳಗಿಣ್ಣಿನ ಕಡೆಯ ಸಂದು ಇಲ್ಲದ ಅಗಲ ತೋರಿಸುತ್ತದೆ. ಅಷ್ಟಕ್ಕೇ ಆಪರೇಷನ್ ಮಾತು ಶುರುವಾಗಬಹುದು. "ಅಣ್ಣಾ, ಬೆರಳು ನಿಮ್ಮ ಕಡೆ ಎಳ್ಕೊಳ್ಳಿ" ಎಂದು ಹೇಳಿ, ಪಾದ 90 ಡಿಗ್ರಿಗೆ ಬರುವವರೆಗೆ ಕಾಯಿರಿ. ಇದಕ್ಕೆ ಅವಸರ ಮಾಡಲೇಬೇಡಿ.

ಫಿಲ್ಮ್ ಬಂದ ಮೇಲೆ ಒಳಗಿಣ್ಣಿಗೂ ಟೇಲಸ್‌ಗೂ ನಡುವಿನ ಸಂದು ಅಳೆಯುತ್ತಾರೆ. ಸ್ಟ್ರೆಸ್ ಇಲ್ಲದೆ ಅದು ಸಾಮಾನ್ಯವಾಗಿ 4 ಮಿಲಿಮೀಟರ್ ಒಳಗಿರುತ್ತದೆ. ಸ್ಟ್ರೆಸ್‌ನಲ್ಲಿ 5 ಅಥವಾ ಜಾಸ್ತಿ ಬಂದು, ಟೇಲಸ್ ಮೇಲಿನ ಸಂದಿಗಿಂತಲೂ 1 ಮಿಲಿಮೀಟರ್ ಅಗಲವಿದ್ದರೆ ಡೆಲ್ಟಾಯ್ಡ್ ಮೇಲೆ ಅನುಮಾನ. ಒಂದೇ ಮಿಲಿಮೀಟರ್ ಅಲ್ವಾ ಎನ್ನಬೇಡಿ. ಟೇಲಸ್ 1 ಮಿಲಿಮೀಟರ್ ಹೊರಕ್ಕೆ ಜರುಗಿದರೆ ಮೂಳೆಗಳು ತಾಗುವ ಜಾಗ ಸುಮಾರು 42 ಶೇಕಡಾ ಕಡಿಮೆಯಾಗುತ್ತದೆ ಎಂದು 1976ರಲ್ಲೇ ರ‍್ಯಾಮ್ಸೆ, ಹ್ಯಾಮಿಲ್ಟನ್ ಎಂಬ ಸಂಶೋಧಕರು ಅಳೆದು ತೋರಿಸಿದ್ದಾರೆ.

ಹಾಗಂತ ಈ ಒಂದು ಫಿಲ್ಮೇ ಕೊನೆಯ ಮಾತಲ್ಲ. ಗ್ರಾವಿಟಿಯಲ್ಲಿ ಅಗಲ ಕಂಡ ಎಷ್ಟೋ ಕೀಲುಗಳು ಭಾರ ಹಾಕಿ ನಿಂತಾಗ ಜಾಗದಲ್ಲೇ ಇರುತ್ತವೆ. ಅದಕ್ಕೇ ಕೆಲವು ಡಾಕ್ಟರು ಕೀಲಿಗೆ ಆಸರೆ ಕೊಡುವ ಬೂಟ್ ಹಾಕಿಸಿ, ಸುಮಾರು ವಾರದ ನಂತರ ನಿಲ್ಲಿಸಿ ಇನ್ನೊಂದು ಎಕ್ಸ್-ರೇ ಕೇಳುತ್ತಾರೆ.

ಫಿಲ್ಮಿನ ಮೇಲೆ ಎಡವೋ ಬಲವೋ ಎನ್ನುವುದರ ಜೊತೆ 'ಗ್ರಾವಿಟಿ ಸ್ಟ್ರೆಸ್' ಎಂದೂ ಗುರುತು ಹಾಕಿ. ಇಲ್ಲದಿದ್ದರೆ ಬೇರೆ ಊರಿನ ಡಾಕ್ಟರು ಅದನ್ನು ಮಾಮೂಲಿ ಫಿಲ್ಮ್ ಎಂದುಕೊಂಡು, ಕೀಲು ಜರುಗಿಯೇ ಇದೆ ಎಂದು ಓದಿಬಿಡುತ್ತಾರೆ.