ದಿನಕ್ಕೊಂದೇ ಕೆಲಸ: ಪುಯೆರ್ತೋ ವಿಯೆಹೋದಲ್ಲಿ ಒಂಬತ್ತು ಮಂದಿ

ಕೋಸ್ಟರಿಕಾದ ಕೆರಿಬಿಯನ್ ಕರಾವಳಿಯಲ್ಲಿ, ಪನಾಮಾ ಗಡಿಗೆ ಸಮೀಪವಿರುವ ಪುಯೆರ್ತೋ ವಿಯೆಹೋ ಎಂಬ ಸಣ್ಣ ಊರಿಗೆ, ಅಮ್ಮನೂ ಸೇರಿ ಮೂರು ಮನೆಯ ಒಂಬತ್ತು ಮಂದಿ ಅಕ್ಟೋಬರಿನಲ್ಲಿ ಹೊರಟಿದ್ದೇವೆ ಎಂದಾಗ, ಹ್ಯೂಸ್ಟನ್ನಿನ ಗೆಳೆಯರು ಮಳೆಗಾಲದಲ್ಲಿ ಯಾರಾದರೂ ಅಲ್ಲಿಗೆ ಹೋಗುತ್ತಾರೆಯೇ ಎಂದು ನಕ್ಕಿದ್ದರು. ಆ ದೇಶದ ಶಾಂತಸಾಗರದ ಬದಿಯಲ್ಲಿ ಸೆಪ್ಟೆಂಬರ್, ಅಕ್ಟೋಬರ್ ತಿಂಗಳುಗಳಲ್ಲಿ ಮಳೆ ಜೋರು ಎಂಬುದು ನಿಜ; ಆದರೆ ನಡುವೆ ಬೆಟ್ಟಸಾಲು ಅಡ್ಡ ನಿಂತಿರುವುದರಿಂದ ಕೆರಿಬಿಯನ್ ಬದಿಯಲ್ಲಿ ಇದೇ ಎರಡು ತಿಂಗಳು ಮಳೆ ಕಡಿಮೆ, ಕಡಲೂ ಶಾಂತ. ಘಟ್ಟದ ಮೇಲೊಂದು ಮಳೆ, ಕೆಳಗೊಂದು ಮಳೆ ಎಂಬುದು ಪುತ್ತೂರಿನಲ್ಲಿ ಬೆಳೆದ ನನಗೆ ಯಾರೂ ವಿವರಿಸಬೇಕಾದ ಸಂಗತಿಯಾಗಿರಲಿಲ್ಲ.

ಹಿಂದಿನ ಪ್ರವಾಸವೊಂದರಲ್ಲಿ ಗಂಟೆಗೊಂದು ಕಾರ್ಯಕ್ರಮ ಬರೆದಿಟ್ಟು ಎಲ್ಲರನ್ನೂ ದಣಿಸಿದ ಅಪಖ್ಯಾತಿ ನನ್ನದಾಗಿತ್ತು. ಆದ್ದರಿಂದ ಈ ಬಾರಿ ದಿನಕ್ಕೆ ಒಂದೇ ಕೆಲಸ, ಅದನ್ನೂ ಬೆಳಗಿನ ತಿಂಡಿಯ ಹೊತ್ತಿಗೇ ನಿರ್ಧರಿಸುವುದು, ಬಾರದವರನ್ನು ಒತ್ತಾಯಿಸದಿರುವುದು ಎಂದು ಮೊದಲೇ ಒಪ್ಪಿಕೊಂಡೆವು. ಹೋಟೆಲಿನ ಕೋಣೆಗಳ ಬದಲು ಅಡುಗೆಮನೆಯೂ ಅಗಲವಾದ ಜಗಲಿಯೂ ಇರುವ ಒಂದೇ ಮನೆಯನ್ನು ಬಾಡಿಗೆಗೆ ಹಿಡಿದೆವು. ಮೂರೂ ಮನೆಯವರು ಸಮಪಾಲು ಹಣ ಹಾಕಿದ ಚೀಲವನ್ನು ಭಾವನ ಹದಿನಾರರ ಮಗಳ ಕೈಗೆ ಕೊಟ್ಟಿದ್ದರಿಂದ, ಆರು ದಿನವೂ ಬಿಲ್ಲು ಬಂದಾಗ ನಡೆಯುವ ಜಗ್ಗಾಟ ಇರಲಿಲ್ಲ.

ಎಡವಿದ್ದು ದಾರಿಯಲ್ಲಿ. ರಾಜಧಾನಿ ಸಾನ್ ಹೊಸೆಯಿಂದ ಕರಾವಳಿಗೆ ಇಳಿಯುವ 32ನೇ ಹೆದ್ದಾರಿ ಬ್ರೌಲಿಯೋ ಕರಿಯೋ ರಾಷ್ಟ್ರೀಯ ಉದ್ಯಾನದ ಕಾಡಿನ ನಡುವೆ ಹಾದುಹೋಗುತ್ತದೆ, ಮತ್ತು ಅಲ್ಲಿ ಗುಡ್ಡ ಕುಸಿದು ದಾರಿ ಮುಚ್ಚುವುದು ಅಪರೂಪವಲ್ಲ. ಶಿರಾಡಿ ಘಾಟಿಯ ಪಾಡೇ ಅದಕ್ಕೂ. ನಾವು ವಿಮಾನ ಇಳಿದ ಮಧ್ಯಾಹ್ನವೇ ಅದು ಮುಚ್ಚಿತ್ತು. ತುರ್ರಿಯಾಲ್ಬಾದ ಸುತ್ತುದಾರಿಯಲ್ಲಿ ತಿರುವುಗಳನ್ನು ಹತ್ತಿಳಿದು ಮನೆ ಮುಟ್ಟುವಾಗ ರಾತ್ರಿ ಹತ್ತು ದಾಟಿತ್ತು, ಮಕ್ಕಳಿಬ್ಬರು ವಾಂತಿ ಮಾಡಿಕೊಂಡಿದ್ದರು.

ಊರಿನಿಂದ ಮನ್ಸಾನಿಯೋವರೆಗೆ ಕಡಲ ಬದಿಯಲ್ಲೇ ಸಾಗುವ ಸುಮಾರು 13 ಕಿಲೋಮೀಟರಿನ ಸಮತಟ್ಟಾದ ರಸ್ತೆಯೇ ಅಲ್ಲಿನ ಸಂಚಾರಕ್ಕೆಲ್ಲ ಆಧಾರ. ಬಾಡಿಗೆ ಸೈಕಲ್ ಹಿಡಿದರೆ ಯಾರೂ ಯಾರಿಗೂ ಕಾಯಬೇಕಿಲ್ಲ, ಯಾರೂ ದಾರಿ ತಪ್ಪುವುದಿಲ್ಲ. ಹತ್ತಿರದ ಕೋಕ್ಲೆಸ್ ಕಡಲತೀರ ಚಂದವಾದರೂ ಅಲ್ಲಿ ನೀರಿನ ಸೆಳೆತ ಬಲವಾದದ್ದು. ಕೆಂಪು ಬಾವುಟ ಕಂಡ ಮೇಲೆ ನಾವು ಮಕ್ಕಳನ್ನು ಅಲ್ಲಿ ನೀರಿಗಿಳಿಸಲಿಲ್ಲ. ಮುಂದಿನ ಪುಂಟಾ ಊವಾದಲ್ಲಿ ನೀರು ಕೆರೆಯಂತಿತ್ತು. ಅಮ್ಮನಿಗೆ ಸೋಜಿಗವೆನಿಸಿದ್ದು ಸೂರ್ಯ. ಜೀವಮಾನವಿಡೀ ಕಡಲಿನಲ್ಲಿ ಮುಳುಗುವ ಸೂರ್ಯನನ್ನು ಕಂಡವರು, ಇಲ್ಲಿ ಐದೂಕಾಲಿಗೇ ಎದ್ದು ಅದು ಕಡಲಿನಿಂದ ಏಳುವುದನ್ನು ನೋಡುತ್ತಾ ಕುಳಿತಿರುತ್ತಿದ್ದರು.

ಒಂದು ದಿನದ ಕೆಲಸ ಕಾವೀಟಾ ರಾಷ್ಟ್ರೀಯ ಉದ್ಯಾನ. ಕಾವೀಟಾ ಊರಿನ ಬದಿಯ ದ್ವಾರದಲ್ಲಿ ಪ್ರವೇಶಕ್ಕೆ ನಿಗದಿತ ದರವಿಲ್ಲ, ಮನಸ್ಸಿಗೆ ಬಂದಷ್ಟು ಕಾಣಿಕೆ ಕೊಡಬಹುದು. ಒಂದು ಕಡೆ ಕಾಡು, ಇನ್ನೊಂದು ಕಡೆ ಮರಳು. ನಡುವಿನ ನೆರಳಿನ ಕಾಲುದಾರಿಯಲ್ಲಿ ತೀರಾ ನಿಧಾನವಾಗಿ ಕೊಂಬೆ ಬದಲಿಸುವ ಸ್ಲಾತ್ ಎಂಬ ಪ್ರಾಣಿಯೊಂದನ್ನು ಅರ್ಧ ಗಂಟೆ ನೋಡಿದೆವು. ಅಷ್ಟರಲ್ಲಿ ಬಿಳಿಮುಖದ ಕೋತಿಯೊಂದು ನಮ್ಮ ಕೋಡುಬಳೆಯ ಪೊಟ್ಟಣವನ್ನು ಎತ್ತಿಕೊಂಡು ಹೋಯಿತು. 1991ರ ಏಪ್ರಿಲಿನಲ್ಲಿ ಲಿಮೋನ್ ಪ್ರಾಂತ್ಯವನ್ನು ನಡುಗಿಸಿದ ಭೂಕಂಪದಲ್ಲಿ ಈ ತೀರದ ನೆಲವೇ ಮೇಲೆದ್ದು, ಹವಳದ ದಿಬ್ಬದ ಒಂದಷ್ಟು ಭಾಗ ನೀರಿನಿಂದ ಹೊರಬಿದ್ದು ಸತ್ತಿತಂತೆ.

ಆದರೆ ಪುಯೆರ್ತೋ ವಿಯೆಹೋ ನಮಗೆ ಹತ್ತಿರವಾದದ್ದು ಊಟದಿಂದ. 1870ರ ದಶಕದಿಂದ ಲಿಮೋನಿನ ರೈಲುದಾರಿ ಕಟ್ಟಲು, ಬಳಿಕ ಬಾಳೆತೋಟಗಳಲ್ಲಿ ದುಡಿಯಲು ಜಮೈಕಾದಿಂದ ಬಂದವರ ಅಡುಗೆಯೇ ಇಂದಿಗೂ ಇಲ್ಲಿನ ಅಡುಗೆ: ತೆಂಗಿನ ಹಾಲಿನಲ್ಲಿ ಬೆಂದ ಅನ್ನ ಮತ್ತು ಕೆಂಪು ಕಾಳು, ಅದೇ ಹಾಲಿನಲ್ಲಿ ಗೆಡ್ಡೆಗಳೊಂದಿಗೆ ಕುದಿಸಿದ ಮೀನಿನ ರೊಂಡೋನ್. ಮನೆಯ ಹಿತ್ತಲಿನ ಜೀಗುಜ್ಜೆ ಮರವನ್ನು ಕಂಡೊಡನೆ ಅಮ್ಮ ಪೋಡಿಗೆ ಕಡಲೆಹಿಟ್ಟು ಕೇಳಿದರು. ಗುಲಾಮರ ಹೊಟ್ಟೆ ತುಂಬಿಸಲೆಂದು 1793ರಲ್ಲಿ ಶಾಂತಸಾಗರದ ದ್ವೀಪಗಳಿಂದ ಜಮೈಕಾಕ್ಕೆ ಹಡಗಿನಲ್ಲಿ ಬಂದ ಮರವದು ಎಂದು ನಾನು ಹೇಳಿದ್ದಕ್ಕೆ ಅವರು ಕಿವಿಗೊಡಲಿಲ್ಲ. ಕಡಲೆಹಿಟ್ಟು ಸಿಗದೆ ಮೈದಾದಲ್ಲೇ ಕರಿದು ತಿಂದೆವು. ರಸ್ತೆಬದಿಯ ಅಂಗಡಿಯಲ್ಲಿ ‘ಕಪ್ಪೆಯ ನೀರು’ ಎಂಬ ಅರ್ಥದ ಆಗ್ವಾ ದೆ ಸಾಪೋ ಎಂಬ ಪೇಯವನ್ನು ಮಕ್ಕಳು ಹೆಸರು ಕೇಳಿಯೇ ಬೇಡವೆಂದರು. ಅಮ್ಮ ಒಂದು ಗುಟುಕು ಕುಡಿದು, “ಬೆಲ್ಲ, ಶುಂಠಿ, ಲಿಂಬೆ. ಇದು ನಮ್ಮ ಪಾನಕವೇ ಅಲ್ಲವೋ?” ಎಂದರು. ಮರುದಿನದಿಂದ ಚೀಲದ ಹಣದಲ್ಲಿ ದೊಡ್ಡ ಪಾಲು ಆ ಅಂಗಡಿಗೇ ಹೋಯಿತು.

ಹಿಂತಿರುಗುವಾಗ ಹೆದ್ದಾರಿಯನ್ನು ನಂಬಲಿಲ್ಲ. ವಿಮಾನದ ಹಿಂದಿನ ದಿನವೇ ನಸುಕಿಗೆ ಹೊರಟು ಸಾನ್ ಹೊಸೆಯಲ್ಲಿ ರಾತ್ರಿ ತಂಗಿದೆವು. ಅಂದು ದಾರಿ ತೆರೆದೇ ಇತ್ತು, ಒಂದು ದಿನ ಸುಮ್ಮನೆ ಹಾಳಾಯಿತೆಂದು ಭಾವ ಈಗಲೂ ಗೊಣಗುತ್ತಾರೆ.