ಆಪರೇಟರ್ ಕೆಲಸದಿಂದ ಟೂಲ್‌ರೂಮಿಗೆ: ನಾನು ಗುರಿ ಇಟ್ಟುಕೊಂಡ ಬಗೆ

ಪೀಣ್ಯದ ಕಾರ್ಖಾನೆಗಳಲ್ಲಿ ಐಟಿಐ ಮುಗಿಸಿ ಬಂದವರ ಮುಂದೆ ಎಲ್ಲರೂ ಒಂದೇ ದಾರಿಯನ್ನು ಇಡುತ್ತಾರೆ: ಆಪರೇಟರ್, ಯಂತ್ರವನ್ನು ಕೆಲಸಕ್ಕೆ ಹೊಂದಿಸಿಕೊಡುವ ಸೆಟ್ಟರ್, ಆಮೇಲೆ ಸೂಪರ್‌ವೈಸರ್. ಮೆಷಿನಿಸ್ಟ್ ಟ್ರೇಡ್‌ನಲ್ಲಿ ಎರಡು ವರ್ಷ ಓದಿ, ಅಪ್ರೆಂಟಿಸ್ ಮುಗಿಸಿ, ಸಿಎನ್‌ಸಿ (ಕಂಪ್ಯೂಟರ್ ಪ್ರೋಗ್ರಾಂನಿಂದ ನಡೆಯುವ ಯಂತ್ರ) ಆಪರೇಟರ್ ಆಗಿ ಸೇರಿದ ನನ್ನನ್ನೂ ಊರಿಗೆ ಹೋದಾಗಲೆಲ್ಲ "ಸೂಪರ್‌ವೈಸರ್ ಯಾವಾಗ ಆಗುತ್ತೀಯ?" ಎಂದು ಕೇಳುತ್ತಿದ್ದರು. ಈಗ ನಾನು ಟೂಲ್‌ರೂಮಿನಲ್ಲಿ, ಅಂದರೆ ಕಾರ್ಖಾನೆಗೆ ಬೇಕಾದ ಉಪಕರಣಗಳನ್ನು ತಯಾರಿಸುವ ವಿಭಾಗದಲ್ಲಿ, ತಗಡನ್ನು ಒತ್ತಿ ಕತ್ತರಿಸುವ, ಬಾಗಿಸುವ ಪ್ರೆಸ್ ಟೂಲ್‌ಗಳನ್ನು ಮಾಡುತ್ತೇನೆ. ಹೀಗೆ ಕವಲೊಡೆದದ್ದು ಹೇಗೆ ಎಂಬುದನ್ನು ಐಟಿಐಯಿಂದ ಹೊರಬರುತ್ತಿರುವ ತಮ್ಮ ತಂಗಿಯರಿಗೆ ಹೇಳಬೇಕೆನಿಸಿದೆ.

ಬಿಡಿಭಾಗವನ್ನು ಅದನ್ನು ಅಲುಗದಂತೆ ಹಿಡಿದಿಡುವ ಫಿಕ್ಸ್ಚರ್‌ನಲ್ಲಿ ಕೂರಿಸುವುದು, ಗುಂಡಿ ಒತ್ತುವುದು, ಹೊರಬಂದದ್ದನ್ನು ಅಳೆಯುವುದು. ಆಪರೇಟರ್‌ನ ದಿನ ಹೀಗೆ ಸಾಗುತ್ತದೆ. ಇದರಲ್ಲಿ ನನಗೆ ಅಳತೆಯ ಗಳಿಗೆ ಎಲ್ಲಕ್ಕಿಂತ ಹಿತವಾಗಿತ್ತು. ಡ್ರಾಯಿಂಗ್‌ನಲ್ಲಿ 25 ಮಿ.ಮೀ. ರಂಧ್ರಕ್ಕೆ ಎಚ್7 (ಅಳತೆ ಎಷ್ಟು ಹೆಚ್ಚು ಕಡಿಮೆ ಆಗಬಹುದೆಂಬ ಮಿತಿಯ ಗುರುತು) ಎಂದು ಬರೆದಿದ್ದರೆ ಅದು 25.000 ಮತ್ತು 25.021ರ ನಡುವೆ ಇರಲೇಬೇಕು. ಆ 21 ಮೈಕ್ರಾನ್‌ಗಳನ್ನು (ಒಂದು ಮಿ.ಮೀ.ನ ಸಾವಿರದಲ್ಲೊಂದು ಭಾಗವೇ ಮೈಕ್ರಾನ್) ಯಾಕೆ ಕೊಟ್ಟರು, ಯಾಕೆ ಅಷ್ಟೇ ಕೊಟ್ಟರು ಎಂದು ತಿಳಿಯುವ ಹಂಬಲ ನನ್ನನ್ನು ಬಿಡಲಿಲ್ಲ. ಅಂಥ ಪ್ರಶ್ನೆಗಳೊಂದಿಗೇ ದಿನ ಕಳೆಯುವವರು ನಮ್ಮ ಟೂಲ್‌ರೂಮಿನಲ್ಲಿದ್ದರು. ಒಂದು ಮಿ.ಮೀ. ದಪ್ಪದ ಉಕ್ಕಿನ ತಗಡನ್ನು ಕತ್ತರಿಸುವ ಉಪಕರಣದಲ್ಲಿ (ಇದನ್ನೇ ಡೈ ಎನ್ನುತ್ತೇವೆ) ಮೇಲಿನಿಂದ ಒತ್ತುವ ಪಂಚ್‌ಗೂ ಅದು ಇಳಿಯುವ ರಂಧ್ರಕ್ಕೂ ನಡುವೆ ಒಂದೊಂದು ಬದಿಗೆ ಸುಮಾರು 0.05 ಮಿ.ಮೀ. ಬಿಡುತ್ತಾರೆ. ಹೆಚ್ಚು ಬಿಟ್ಟರೆ ಅಂಚಿನಲ್ಲಿ ಬರ್, ಅಂದರೆ ಚೂಪಾದ ಒರಟು ಏಣು, ಏಳುತ್ತದೆ, ಕಡಿಮೆ ಬಿಟ್ಟರೆ ಪಂಚ್ ಬೇಗ ಸವೆಯುತ್ತದೆ. ಆ ಬೆಂಚಿನ ಬಳಿ ನಿಂತಾಗಲೆಲ್ಲ ನನ್ನ ಕೆಲಸ ಇಲ್ಲಿದೆ ಎನಿಸುತ್ತಿತ್ತು.

ಆಗ ಒಂದು ನೋಟ್‌ಬುಕ್ ತೆಗೆದು ಬರೆದೆ: "ಒಂದು ಡೈ ಮೊದಲಿನಿಂದ ಕೊನೆಯವರೆಗೆ ನನ್ನ ಕೈಯಲ್ಲಿ ಆಗಬೇಕು. ಅದರಿಂದ ಬರುವ ಮೊದಲ ತುಣುಕನ್ನು ನಾನೇ ಅಳೆಯಬೇಕು." ಹುದ್ದೆಯ ಹೆಸರನ್ನಾಗಲಿ ಸಂಬಳದ ಅಂಕಿಯನ್ನಾಗಲಿ ಅಲ್ಲಿ ಬರೆಯಲಿಲ್ಲ. ಹುದ್ದೆ ಬೇರೆಯವರು ಕೊಡುವಂಥದ್ದು, ಖಾಲಿಯಾದಾಗ ಸಿಗುವಂಥದ್ದು. ಮಾಡಬೇಕೆನಿಸುವ ಕೆಲಸವನ್ನು ಬರೆದುಕೊಂಡರೆ ಅದಕ್ಕೆ ಏನೇನು ಕಲಿಯಬೇಕು ಎಂದು ಮರುದಿನವೇ ವಿಚಾರಿಸಬಹುದು.

ಟೂಲ್‌ರೂಮಿನ ಹಿರಿಯರೊಬ್ಬರನ್ನು ಕೇಳಿದೆ: "ಅಣ್ಣ, ನಿಮ್ಮ ಬೆಂಚಿಗೆ ಬರಬೇಕಾದರೆ ನನಗೆ ಏನೇನು ಗೊತ್ತಿರಬೇಕು?" ಅವರು ತಡಮಾಡದೆ ಹೇಳಿದರು: "ಮೊದಲು ಡ್ರಾಯಿಂಗ್ ಸರಿಯಾಗಿ ಓದು. ಆಮೇಲೆ ಸರ್ಫೇಸ್ ಗ್ರೈಂಡಿಂಗ್‌ನಲ್ಲಿ ಕೈ ಪಳಗಲಿ. ಪ್ರೋಗ್ರಾಂ ಅದರ ಹಿಂದೆಯೇ ಬರುತ್ತದೆ." ಸರ್ಫೇಸ್ ಗ್ರೈಂಡಿಂಗ್ ಅಂದರೆ ತಿರುಗುವ ಸಾಣೆಚಕ್ರದಿಂದ ಲೋಹದ ಮೇಲ್ಮೈಯನ್ನು ಸಮ ಮಾಡುವುದು. ಆ ಕ್ರಮವನ್ನೇ ನನ್ನ ಯೋಜನೆಯಾಗಿ ಇಟ್ಟುಕೊಂಡೆ. ವರ್ಷಕ್ಕೆ ಒಂದೇ ವಿದ್ಯೆ, ಜೊತೆಗೆ ಇನ್ನೊಂದಿಲ್ಲ.

ಡ್ರಾಯಿಂಗ್‌ಗೆ ಹಿಡಿದ ಸಮಯ ದೊಡ್ಡದು. ವಸ್ತುವಿನ ಬೇರೆ ಬೇರೆ ಬದಿಯ ನೋಟಗಳನ್ನು ಕಾಗದದ ಮೇಲೆ ಜೋಡಿಸುವ ಪದ್ಧತಿಗಳಲ್ಲಿ ನಮ್ಮಲ್ಲಿ ಫಸ್ಟ್ ಆ್ಯಂಗಲ್ ಪ್ರೊಜೆಕ್ಷನ್ ಕಲಿಸುತ್ತಾರೆ. ಅಮೆರಿಕದ ಗ್ರಾಹಕರ ಡ್ರಾಯಿಂಗ್‌ಗಳು ಥರ್ಡ್ ಆ್ಯಂಗಲ್‌ನಲ್ಲಿ ಬರುತ್ತವೆ; ಮೂಲೆಯ ಚಿಹ್ನೆಯನ್ನು ನೋಡದಿದ್ದರೆ ಎಡ ಬಲವಾಗಿಬಿಡುತ್ತದೆ. ಎಸ್ಸೆಸ್ಸೆಲ್ಸಿಯಲ್ಲಿ ಬಾಯಿಪಾಠ ಮಾಡಿದ್ದ ತ್ರಿಕೋನಮಿತಿಗೆ ಜೀವ ಬಂದದ್ದು ಕೋನ ಹೊಂದಿಸುವ ಸೈನ್ ಬಾರ್ ಮುಂದೆ. 100 ಮಿ.ಮೀ. ಸೈನ್ ಬಾರನ್ನು 30 ಡಿಗ್ರಿಗೆ ನಿಲ್ಲಿಸಲು ಅದರ ಒಂದು ತುದಿಯ ಕೆಳಗೆ 50 ಮಿ.ಮೀ. ಸ್ಲಿಪ್ ಗೇಜ್ (ನಿಖರ ಅಳತೆಯ ತುಂಡು) ಇಟ್ಟರೆ ಸಾಕು. ಸೈನ್ 30 ಅಂದರೆ ಅರ್ಧ ಎಂಬುದನ್ನು ಕಣ್ಣಾರೆ ಕಂಡ ಆ ಸಂಜೆ ನನಗಾದ ಸಂತೋಷ ಇಂದಿಗೂ ಇಳಿದಿಲ್ಲ. ಗ್ರೈಂಡಿಂಗ್‌ನಲ್ಲಿ ಕಲಿತದ್ದು ತಾಳ್ಮೆ. 100 ಮಿ.ಮೀ. ಉಕ್ಕು ಒಂದು ಡಿಗ್ರಿ ಬಿಸಿಯಾದರೆ ಒಂದು ಮೈಕ್ರಾನ್‌ಗಿಂತ ತುಸು ಹೆಚ್ಚು ಹಿಗ್ಗುತ್ತದೆ. ಹಾಗಾಗಿ ಗ್ರೈಂಡರ್‌ನಿಂದ ಇಳಿಸಿದ ಕೂಡಲೇ ಅಳೆದ ಅಳತೆಯನ್ನು ನಂಬುವಂತಿಲ್ಲ.

ಈ ನಡುವೆ ಸೂಪರ್‌ವೈಸರ್ ಹುದ್ದೆಗೆ ಕರೆ ಬಂತು. ಸಂಬಳ ಹೆಚ್ಚು, ಟೂಲ್‌ರೂಮಿಗೆ ಹೋದರೆ ಹೊಸಬನ ಸಂಬಳ. ಇಂಥ ತೀರ್ಮಾನವನ್ನು ಒಬ್ಬರೇ ಕೂತು ತೆಗೆದುಕೊಳ್ಳಬಾರದು ಎಂಬುದು ನನ್ನ ಗಟ್ಟಿ ನಂಬಿಕೆ. ಬಾಡಿಗೆ, ಅಪ್ಪನ ಔಷಧಿ, ಊರಿಗೆ ಕಳಿಸುವ ಹಣ ಎಲ್ಲವನ್ನೂ ಹೆಂಡತಿಯ ಜೊತೆ ಕೂತು ಬರೆದೆ. ಅವಳು ಲೆಕ್ಕ ನೋಡಿ ಹೇಳಿದಳು: "ಎರಡು ವರ್ಷ ಹೊಲಿಗೆಯಿಂದ ನಾನು ಸರಿದೂಗಿಸುತ್ತೇನೆ. ಅಷ್ಟರಲ್ಲಿ ಡೈ ಕೆಲಸ ನಿಮ್ಮ ಕೈಗೆ ಬರದಿದ್ದರೆ ಮತ್ತೆ ಕೂತು ಮಾತಾಡೋಣ." ನನ್ನ ಗುರಿಗೆ ಗಡುವು ಕೊಟ್ಟವಳು ಅವಳು. ಎರಡನೆಯ ವರ್ಷ ಮುಗಿಯುವ ಮೊದಲೇ ತಗಡಿನಿಂದ ತುಣುಕು ಕತ್ತರಿಸುವ ಒಂದು ಬ್ಲಾಂಕಿಂಗ್ ಡೈಯನ್ನು ಪೂರ್ತಿ ನನಗೆ ಒಪ್ಪಿಸಿದರು.

ಓದಿನ ವಿಷಯ ಚುಟುಕಾಗಿ ಹೇಳುತ್ತೇನೆ. ಐಟಿಐ ಮಾಡಿದವರು ಡಿಪ್ಲೊಮಾದ ಎರಡನೆಯ ವರ್ಷಕ್ಕೆ ನೇರ ಸೇರಬಹುದು. ನಾನು ಸಂಜೆ ತರಗತಿಯಲ್ಲಿ ಮುಗಿಸಿದೆ. ಎಸ್ಸೆಸ್ಸೆಲ್ಸಿ ಆದಾಗಲೇ ಈ ಕೆಲಸ ಬೇಕೆಂದು ಗೊತ್ತಿರುವವರಿಗೆ ಇನ್ನೂ ನೇರವಾದ ದಾರಿಯಿದೆ. ಡೆನ್ಮಾರ್ಕ್‌ನ ನೆರವಿನಿಂದ 1972ರಲ್ಲಿ ಬೆಂಗಳೂರಿನ ರಾಜಾಜಿನಗರದಲ್ಲಿ ಆರಂಭವಾದ ಸರ್ಕಾರಿ ಉಪಕರಣಾಗಾರ ಮತ್ತು ತರಬೇತಿ ಕೇಂದ್ರ, ಅಂದರೆ ನಮ್ಮ ಮಾತಿನ ಜಿಟಿಟಿಸಿ, ಟೂಲ್ ಅಂಡ್ ಡೈ ಮೇಕಿಂಗ್ ಡಿಪ್ಲೊಮಾ ಕಲಿಸುತ್ತದೆ. ಈಗ ಅನೇಕ ಜಿಲ್ಲೆಗಳಲ್ಲಿ ಅದರ ಕೇಂದ್ರಗಳಿವೆ.

ನೋಟ್‌ಬುಕ್ಕನ್ನು ಪ್ರತಿವರ್ಷ ಆಯುಧಪೂಜೆಯ ದಿನ ತೆರೆಯುತ್ತೇನೆ. ಯಂತ್ರಗಳನ್ನು ಒರೆಸಿ, ಕುಂಕುಮ ಇಟ್ಟು, ಪೂಜೆ ಮುಗಿದ ಮೇಲೆ ಯಾರಿಗೂ ಅವಸರವಿರುವುದಿಲ್ಲ. ಕೈಗೂಡಿದ್ದನ್ನು ಹೊಡೆದುಹಾಕುತ್ತೇನೆ, ಮನಸ್ಸಿಗೆ ಬೇಡವಾದದ್ದನ್ನೂ ಹೊಡೆದುಹಾಕುತ್ತೇನೆ. ಪ್ಲಾಸ್ಟಿಕ್ ಮೋಲ್ಡ್ ಕಲಿಯಬೇಕೆಂಬ ಸಾಲು ಹಾಗೆ ಹೋಯಿತು. ನನಗೆ ಪ್ರೆಸ್ ಟೂಲ್‌ಗಳ ಆಳಕ್ಕೆ ಇಳಿಯಬೇಕಿತ್ತು. ಈ ವರ್ಷದ ಪುಟದಲ್ಲಿರುವುದು ತಗಡಿನ ಪಟ್ಟಿಯ ಮೇಲೆ ಹಂತಹಂತವಾಗಿ ಕೆಲಸ ಮಾಡುವ ಪ್ರೊಗ್ರೆಸಿವ್ ಡೈನ ಸ್ಟ್ರಿಪ್ ಲೇಔಟ್: ಪಟ್ಟಿಯ ಮೇಲೆ ತುಣುಕುಗಳನ್ನು ಹೇಗೆ ಜೋಡಿಸಿದರೆ ತಗಡು ಕಡಿಮೆ ಪೋಲಾಗುತ್ತದೆ, ಎಷ್ಟು ಹಂತಗಳಲ್ಲಿ ಕೆಲಸ ಮುಗಿಯುತ್ತದೆ ಎಂಬ ಲೆಕ್ಕ. ಶನಿವಾರ ಊಟದ ಬಿಡುವಿನಲ್ಲಿ ಕಲಿಸಲು ನಮ್ಮ ಡಿಸೈನರ್ ಒಪ್ಪಿದ್ದಾರೆ. ಹಳೆಯ ಡೈಗಳ ಸ್ಟ್ರಿಪ್‌ಗಳನ್ನು ಅವರಿಗೆ ತೋರಿಸಲೆಂದು ಕೂಡಿಡುತ್ತಿದ್ದೇನೆ.